ಮಂಜುಗಡ್ಡೆಯಿಲ್ಲದ ಊರಿನ ಹೊಂಬಣ್ಣದ ಬಿಯರ್

ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮದ್ಯದ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ ನೀಲಗಿರಿಯ ಮನೆಗಳಲ್ಲಿ ಅಡುಗೆ ಮಾಡುವವರಿಗೆಲ್ಲ ತಿಳಿದಿರುವ ಸಂಗತಿಯಿಂದಲೇ ಈ ಕಥೆ ಹೊರಡುತ್ತದೆ. ಮೇಟುಪಾಳ್ಯದಲ್ಲಿ ಒಂದೇ ರಾತ್ರಿಗೆ ಉಕ್ಕಿ ಬರುವ ದೋಸೆಹಿಟ್ಟು ಉದಕಮಂಡಲದ ಮಾರ್ಗಶಿರದ ಚಳಿಯಲ್ಲಿ ಬೆಳಗಾದರೂ ಮಲಗಿಯೇ ಇರುತ್ತದೆ. ಹುದುಗಿಗೆ ಹವೆಯೇ ಒಡೆಯ. ಬಿಯರ್ ತಯಾರಿಸುವ ಬ್ರಿಟಿಷರು ಬಯಲನ್ನು ಬಿಟ್ಟು ಬೆಟ್ಟವೇರಿದ್ದೂ ಇದಕ್ಕಾಗಿಯೇ. ನಮ್ಮ ನೀಲಗಿರಿಯ ಕ್ಯಾಸಲ್ ಬ್ರೂವರಿ 1857ರದು. ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ಅದೂ ಅದರೊಳಗೆ ಸೇರಿತು.

ತಂಪಿನ ಬೆಟ್ಟವೂ ಇಲ್ಲದೆ, ಮಂಜುಗಡ್ಡೆಯೂ ಸಿಗದ ಕಡೆ ಏನು ಮಾಡುವುದು? ಹತ್ತೊಂಬತ್ತನೆಯ ಶತಮಾನದಲ್ಲಿ ಚಿನ್ನದ ಆಸೆಗೆ ಜನ ಮುಗಿಬಿದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜರ್ಮನ್ ವಲಸಿಗರಿಗೆ ಎದುರಾದ ಪ್ರಶ್ನೆ ಇದೇ. ಅವರು ಬಲ್ಲ ಲಾಗರ್ ಬಿಯರಿನ ಹುದುಗು 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಚಳಿಯಲ್ಲಿ ನಿಧಾನವಾಗಿ ಕೆಲಸ ಮಾಡುವಂಥದು. ಆ ಊರಿನಲ್ಲಿ ಕಾವಳವುಂಟು, ಹಿಮವಿಲ್ಲ. ಅವರು ಅದೇ ಹುದುಗನ್ನು 16ರಿಂದ 20 ಡಿಗ್ರಿಯಲ್ಲಿಯೇ ದುಡಿಸಿದರು. ಕಾವು ಏರದಿರಲೆಂದು ರಸವನ್ನು ಆಳವಿಲ್ಲದ ಅಗಲವಾದ ತೆರೆದ ತೊಟ್ಟಿಗಳಲ್ಲಿ ಹರಡಿದರು. ನಾವು ರಾಗಿಯನ್ನು ಮೊಳಕೆ ಕಟ್ಟಿಸಿ ಒಣಗಿಸುವಂತೆಯೇ ಬಾರ್ಲಿಯನ್ನೂ ಮೊಳಕೆ ಬರಿಸಿ ಒಣಗಿಸುತ್ತಾರೆ. ಅದರಲ್ಲೊಂದು ಪಾಲನ್ನು ತುಸು ಹೆಚ್ಚು ಹುರಿದರೆ ಬಿಯರಿಗೆ ಜೇನಿನ ಹೊಂಬಣ್ಣ ಬರುತ್ತದೆ. ಪೀಪಾಯಿಯ ಬಿರಡೆ ತೆಗೆದೊಡನೆ ಒಳಗಿನ ಒತ್ತಡಕ್ಕೆ ಬುಸ್ಸೆನ್ನುತ್ತಿದ್ದುದರಿಂದ ಇದಕ್ಕೆ 'ಸ್ಟೀಮ್ ಬಿಯರ್' ಎಂಬ ಹೆಸರು ಬಂತೆಂದು ಹೇಳುತ್ತಾರೆ. ಕೂಲಿಕಾರರು ಕುಡಿಯುವ ಅಗ್ಗದ ಬಿಯರ್ ಅದು. ಯಂತ್ರದಿಂದ ತಂಪು ಮಾಡುವ ವಿದ್ಯೆ ಬಂದಮೇಲೆ ಬಹುಮಂದಿ ಅದನ್ನು ಕೈಬಿಟ್ಟರು.

ಬಿಡದೆ ಉಳಿದದ್ದು ಆ್ಯಂಕರ್ ಬ್ರೂವರಿ. ಅದಕ್ಕೆ ಆ ಹೆಸರು ಬಂದದ್ದು 1896ರಲ್ಲಿ, ಅರ್ನ್‌ಸ್ಟ್ ಬಾರೂತ್ ಮತ್ತು ಆಟೋ ಶಿಂಕೆಲ್ ಕೊಂಡುಕೊಂಡಾಗ. 1906ರ ಫೆಬ್ರವರಿಯಲ್ಲಿ ಬಾರೂತ್ ತೀರಿಕೊಂಡರು. ಏಪ್ರಿಲ್‌ನ ಭೂಕಂಪದ ಬೆನ್ನಿಗೆದ್ದ ಬೆಂಕಿಯಲ್ಲಿ ಕಟ್ಟಡ ಸುಟ್ಟಿತು. ಮರುವರ್ಷ ಹೊಸ ಜಾಗದಲ್ಲಿ ಬಾಗಿಲು ತೆರೆಯುವ ಕೆಲವೇ ವಾರ ಮೊದಲು ಶಿಂಕೆಲ್ ಟ್ರಾಮಿನಿಂದ ಬಿದ್ದು ಸತ್ತರು. 1920ರಲ್ಲಿ ಪಾನನಿರೋಧ ಬಂತು. ಅದು ತೆರವಾಗಿ ಮತ್ತೆ ಶುರುಮಾಡಿದರೆ 1934ರಲ್ಲಿ ಪುನಃ ಬೆಂಕಿ. ಇಷ್ಟೆಲ್ಲ ದಾಟಿ ಬಂದದ್ದು 1959ರಲ್ಲಿ ಮುಚ್ಚಿ, ಮರುವರ್ಷ ತೆರೆದು, ಕುಂಟುತ್ತ ಸಾಗಿತು.

1965ರಲ್ಲಿ ಫ್ರಿಟ್ಸ್ ಮೇಟ್ಯಾಗ್ ಎಂಬ ಯುವಕ, ಬಟ್ಟೆ ಒಗೆಯುವ ಯಂತ್ರದ ಖ್ಯಾತ ಮನೆತನದವರು, ತಾವು ಇಷ್ಟಪಡುವ ಈ ಬಿಯರ್ ನಿಂತುಹೋಗಲಿದೆಯೆಂದು ಕೇಳಿ ಬ್ರೂವರಿಯ 51 ಶೇಕಡಾ ಪಾಲನ್ನು ಕೆಲವು ಸಾವಿರ ಡಾಲರಿಗೆ ಕೊಂಡರು. ಆಗಿನ ಬಿಯರ್ ಹಲವು ಬಾರಿ ಹುಳಿಯಾಗಿಬಿಡುತ್ತಿತ್ತು. ಅವರು ಹೊಸ ರುಚಿ ಹುಡುಕಲಿಲ್ಲ. ಪಾತ್ರೆಗಳ ಶುಚಿತ್ವದಿಂದ ಆರಂಭಿಸಿದರು. ನನಗೆ ಅವರ ಹಿರಿಮೆ ಕಾಣುವುದು ಇಲ್ಲಿಯೇ. ಸೀಸೆಗೆ ತುಂಬಲು 1971ರವರೆಗೆ ಕಾದರು. ಎಪ್ಪತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ಉಳಿದಿದ್ದ ಬಿಯರ್ ಕಂಪನಿಗಳು 100ಕ್ಕೂ ಕಡಿಮೆ; ಇಂದು ಅಲ್ಲಿ ಬ್ರೂವರಿಗಳು 9000ವನ್ನು ಮೀರಿವೆ, ಬಹುಪಾಲು ಸಣ್ಣವು. ಆ ಸಣ್ಣವರಲ್ಲಿ ಅನೇಕರು ಮೇಟ್ಯಾಗರನ್ನು ಹಿರಿಯಣ್ಣನೆಂದು ನೆನೆಯುತ್ತಾರೆ. 'ಸ್ಟೀಮ್ ಬಿಯರ್' ಎಂಬ ಹೆಸರು ಮಾತ್ರ ಆ್ಯಂಕರ್‌ನ ವ್ಯಾಪಾರಮುದ್ರೆ. ಉಳಿದವರು ತಮ್ಮದನ್ನು 'ಕ್ಯಾಲಿಫೋರ್ನಿಯಾ ಕಾಮನ್' ಎನ್ನಬೇಕಾಯಿತು.

ಮೇಟ್ಯಾಗ್ 2010ರಲ್ಲಿ ಬ್ರೂವರಿಯನ್ನು ಮಾರಿದರು. 2017ರಲ್ಲಿ ಅದು ಜಪಾನಿನ ಸಪ್ಪೊರೊ ಕಂಪನಿಯ ಕೈಸೇರಿತು. 2021ರಲ್ಲಿ ಹಳೆಯ ಕೈಬರಹದ ಚೀಟಿ ಬದಲಾದಾಗ ಹಳೆಯ ಗಿರಾಕಿಗಳು ಮುನಿದರು. 2023ರ ಜುಲೈಯಲ್ಲಿ ಮಾರಾಟ ಕುಸಿದಿದೆಯೆಂಬ ಕಾರಣ ನೀಡಿ ಬಾಗಿಲು ಮುಚ್ಚುವ ಘೋಷಣೆ ಹೊರಬಿತ್ತು. ಭೂಕಂಪವನ್ನೂ ಪಾನನಿರೋಧವನ್ನೂ ಗೆದ್ದುದು ಲೆಕ್ಕದ ಪುಸ್ತಕದ ಮುಂದೆ ಸೋತಿತು. ಕೊನೆಯ ಲೋಟಕ್ಕಾಗಿ ಜನ ಸಾಲುಗಟ್ಟಿದರು. ಅಲ್ಲಿನ ಕಾರ್ಮಿಕರು ಸಹಕಾರಿ ಸಂಘ ಕಟ್ಟಿ ತಾವೇ ಕೊಳ್ಳಲು ಮುಂದಾದರು, ಅದು ಕೈಗೂಡಲಿಲ್ಲ. 2024ರಲ್ಲಿ ಮೊಸರಿನ ಉದ್ಯಮಿ ಹಮ್ದಿ ಉಲುಕಾಯ ಬ್ರೂವರಿಯನ್ನು ಅದರ ಹೆಸರು, ತಯಾರಿಕೆಯ ಪಾಕಗಳ ಸಮೇತ ಕೊಂಡರು. ಹಾಲಿಗೆ ಹೆಪ್ಪು ಹಾಕಿ ಕಾಯುವುದನ್ನು ಬಲ್ಲವರು ಅವರು.