ಹಿಮ ಉಪಗ್ರಹಗಳ ಉಬ್ಬರವಿಳಿತ ತಾಪ: ಶೋಧದ ಇತಿಹಾಸ

ಅಂಡಾಕಾರದ ಕಕ್ಷೆಯಲ್ಲಿ ಸುತ್ತುವ ಉಪಗ್ರಹ ಒಮ್ಮೆ ಗ್ರಹದ ಹತ್ತಿರ ಬರುತ್ತದೆ, ಒಮ್ಮೆ ದೂರ ಸರಿಯುತ್ತದೆ. ಅದಕ್ಕೆ ತಕ್ಕಂತೆ ಸೆಳೆತ ಏರಿಳಿದು ಅದರ ಒಡಲು ಹಿಗ್ಗಿ ಕುಗ್ಗುತ್ತದೆ; ಒಳಗಿನ ತಿಕ್ಕಾಟದಲ್ಲಿ ಹುಟ್ಟುವ ಶಾಖವೇ ಉಬ್ಬರವಿಳಿತ ತಾಪ. ಹಾಗೇ ಬಿಟ್ಟರೆ ಈ ತಿಕ್ಕಾಟವೇ ಕಕ್ಷೆಯನ್ನು ದುಂಡಗೆ ಮಾಡಿ, ಶಾಖವೂ ನಿಂತುಹೋಗಬೇಕು. ಗುರುವಿನ ಸುತ್ತ ಹಾಗಾಗಿಲ್ಲ. ಅದರ ಉಪಗ್ರಹಗಳಲ್ಲಿ ಗ್ಯಾನಿಮೀಡ್ ಒಂದು ಸುತ್ತು ಹಾಕುವಷ್ಟರಲ್ಲಿ ಯೂರೋಪ ಎರಡು, ಅಯೋ ನಾಲ್ಕು ಸುತ್ತು ಮುಗಿಸುವ ಲಯ ಕಕ್ಷೆಗಳನ್ನು ದುಂಡಾಗಲು ಬಿಡುವುದಿಲ್ಲ. ಅಯೋದ ಒಡಲು ಕರಗಿರಬೇಕೆಂದು ಪೀಲ್, ಕ್ಯಾಸನ್ ಮತ್ತು ರೆನಾಲ್ಡ್ಸ್ 1979ರ ಮಾರ್ಚ್ 2ರಂದು ಪ್ರಕಟಿಸಿದ್ದು, ಒಂದೇ ವಾರದಲ್ಲಿ ವಾಯೇಜರ್–1 ನೌಕೆಯ ಚಿತ್ರದಲ್ಲಿ ಲಿಂಡಾ ಮೊರಾಬಿಟೊ ಜ್ವಾಲಾಮುಖಿಯನ್ನು ಗುರುತಿಸಿದ್ದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಆದರೆ ಅಯೋದಲ್ಲಿರುವುದು ಕಲ್ಲು, ಹಿಮವಲ್ಲ. ಹಿಮದಡಿಯ ಸಾಗರದ ಕಲ್ಪನೆಯಾದರೋ 1971ರಷ್ಟು ಹಿಂದೆಯೇ ಜಾನ್ ಲೂಯಿಸ್ ಮುಂದಿಟ್ಟದ್ದು. ಅವರು ನೆಚ್ಚಿದ್ದು ವಿಕಿರಣಶೀಲ ಧಾತುಗಳ ಶಾಖವನ್ನು. ಈ ಎರಡು ಎಳೆಗಳನ್ನು ಒಂದೇ ಕಥೆಯಾಗಿ ಹೊಸೆಯುವುದು ಜನಪ್ರಿಯ ಬರಹಗಳ ಸಾಮಾನ್ಯ ಗೊಂದಲ.

ನೌಕೆಗಳ ಗದ್ದಲದಲ್ಲಿ ಮರೆಯಾದದ್ದು ಲೆಕ್ಕದ ಇನ್ನೊಂದು ಮಗ್ಗುಲು. ಶಾಖಕ್ಕೆ ವ್ಯಯವಾಗುವ ಶಕ್ತಿ ಕಕ್ಷೆಯಿಂದಲೇ ಬರಬೇಕಾದ್ದರಿಂದ ಉಪಗ್ರಹದ ವೇಗ ದಶಕಗಳಲ್ಲಿ ಅತ್ಯಲ್ಪವಾಗಿ ಬದಲಾಗಬೇಕು. ಆ ಬದಲಾವಣೆ ಸಿಕ್ಕರೆ ಮಾತ್ರ ಶಾಖದ ಮೂಲ ಸಾಬೀತು. ಇಲ್ಲಿ ದಾಖಲೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅಯೋ ವೇಗ ಹೆಚ್ಚಿಸಿಕೊಳ್ಳುತ್ತಿದೆ ಎಂದು ಡಿ ಸಿಟ್ಟರ್ 1928ರಲ್ಲಿ ಹೇಳಿದ್ದರು. 1987ರಲ್ಲಿ ಲೀಸ್ಕೆ ಅದು ಬಹುತೇಕ ಸೊನ್ನೆ ಎಂದರು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕೆಲಸ ಈ ತಕರಾರಿನ ನಡುವೆ ಬರುತ್ತದೆ. ಸುಮಾರು ಆರು ವರ್ಷಕ್ಕೊಮ್ಮೆ ಗುರುವಿನ ಉಪಗ್ರಹಗಳು ನಮಗೆ ಕಾಣುವಂತೆ ಒಂದನ್ನೊಂದು ಮರೆಮಾಡುತ್ತವೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಕೆಲವೇ ನಿಮಿಷ ಬೆಳಕು ಕುಗ್ಗಿ ಮತ್ತೆ ಏರುತ್ತದೆ. ಅತಿ ಮಂಕಾದ ಕ್ಷಣ ತಿಳಿದರೆ ಉಪಗ್ರಹದ ಸ್ಥಾನ ನೇರ ಅಳತೆಗಿಂತ ನಿಖರವಾಗಿ ದಕ್ಕುತ್ತದೆ. ತಮಿಳುನಾಡಿನ ಕವಲೂರಿನಲ್ಲಿರುವ ಸಂಸ್ಥೆಯ ವೀಕ್ಷಣಾಲಯದಿಂದ 1991ರಲ್ಲಿ ಹೀಗೆ ಅಳೆದದ್ದನ್ನು ಆರ್. ವಸುಂಧರಾ ವಿಶ್ಲೇಷಿಸಿ 1994ರಲ್ಲಿ ಪ್ರಕಟಿಸಿದರು. ಫ್ರಾನ್ಸ್‌ನ ಸಹೋದ್ಯೋಗಿಗಳೊಡನೆ 1996ರಲ್ಲಿ ಅವರು ಕೊಟ್ಟ ಅಂದಾಜು ಮತ್ತೆ ವೇಗವರ್ಧನೆಯ ಕಡೆಗೇ ವಾಲಿತು. 2009ರಲ್ಲಿ ವಾಲೆರಿ ಲೈನಿ ತಂಡ 1891ರಿಂದೀಚಿನ ವೀಕ್ಷಣೆಗಳನ್ನು ಒಟ್ಟುಗೂಡಿಸಿ ಅಯೋ ವೇಗ ಪಡೆದು ಒಳಸರಿಯುತ್ತಿದೆ, ಯೂರೋಪ ಮತ್ತು ಗ್ಯಾನಿಮೀಡ್ ಹೊರಸರಿಯುತ್ತಿವೆ ಎಂದು ತೋರಿಸಿತು. ಮೊತ್ತ, ವೇಗವರ್ಧನೆ ಕಂಡ ಹಿಂದಿನವರು ಹೇಳಿದ್ದಕ್ಕಿಂತ ಕಡಿಮೆ. ದಿಕ್ಕು ಮಾತ್ರ ಡಿ ಸಿಟ್ಟರ್ ಹೇಳಿದ್ದೇ.

ಕಲ್ಲಿನ ಅಯೋದ ಲೆಕ್ಕ ಹಿಮಕ್ಕೆ ಹೇಗೆ ಅನ್ವಯ ಎಂಬ ಆಕ್ಷೇಪ ಸಹಜ. ಮೂರೂ ಒಂದೇ ಲಯದಲ್ಲಿ ಸಿಕ್ಕಿಕೊಂಡಿರುವುದರಿಂದ ಅಯೋದ ಖರ್ಚು ಯೂರೋಪದ ಕಕ್ಷೆಯನ್ನೂ ತಟ್ಟದಿರದು ಎಂಬುದು ಒಂದು ಉತ್ತರ. ಶಾಖವನ್ನೇ ನೌಕೆ ಅಳೆಯಬಲ್ಲದಾದರೆ ಕಕ್ಷೆಯ ಗೊಡವೆ ಯಾಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಶನಿಯ ಎನ್ಸೆಲಡಸ್ ಉತ್ತರ ಕೊಡುತ್ತದೆ. ಅದರ ದಕ್ಷಿಣ ಧ್ರುವದ ಬಿರುಕುಗಳು ಬೆಚ್ಚಗಿರುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. 2011ರ ಅಂದಾಜಿನಂತೆ ಅಲ್ಲಿಂದ ಹೊರಡುವ ಶಾಖ 15.8 ಗಿಗಾವ್ಯಾಟ್. ಆದರೆ ಮೇಯರ್ ಮತ್ತು ವಿಸ್ಡಮ್ 2007ರಲ್ಲಿ ಹಾಕಿದ ಲೆಕ್ಕದಲ್ಲಿ ಕಕ್ಷೆ ನಿರಂತರ ಪೂರೈಸಬಲ್ಲದ್ದು ಸುಮಾರು 1.1 ಮಾತ್ರ. ಅಂದರೆ ಅಳತೆ ಇತ್ತು, ಆದಾಯ ಇರಲಿಲ್ಲ. ಶನಿಯ ಒಡಲಲ್ಲೇ ಉಬ್ಬರದ ಶಕ್ತಿ ಊಹಿಸಿದ್ದಕ್ಕಿಂತ ಬಹಳ ಹೆಚ್ಚು ವ್ಯಯವಾಗುತ್ತಿದೆ, ಹಾಗಾಗಿ ಉಪಗ್ರಹಗಳಿಗೆ ಹೆಚ್ಚು ಶಕ್ತಿ ದಾಟುತ್ತಿದೆ ಎಂದು 2012ರಲ್ಲಿ ಲೈನಿ ತಂಡವೇ ತೋರಿಸಿದ್ದು, ಶತಮಾನಕ್ಕೂ ಮೀರಿದ ವೀಕ್ಷಣೆಗಳಿಂದ. ಹಾಗೆಂದು ಒಗಟು ಬಗೆಹರಿಯಿತು ಎನ್ನಲಾಗದು. ಮಿಮಾಸ್ ಶನಿಗೆ ಇನ್ನೂ ಹತ್ತಿರ, ಅದರ ಕಕ್ಷೆ ಇನ್ನೂ ಅಂಡಾಕಾರ. ಆದರೂ ಮೇಲ್ಮೈ ತುಂಬ ಹಳೆಯ ಕುಳಿಗಳು, ಸತ್ತಂತಿರುವ ಹಿಮ. ತಾಪದ ಸಿದ್ಧಾಂತಕ್ಕೇ ಇದು ಎದುರು ಸಾಕ್ಷಿ ಎನ್ನುವಂತಿತ್ತು. 2024ರಲ್ಲಿ ಅದರ ಕಕ್ಷೆಯ ಸೂಕ್ಷ್ಮ ಚಲನೆಯಿಂದ ಒಳಗೆ ಸಾಗರವಿದೆ, ಆ ಸಾಗರದ ವಯಸ್ಸು 2.5 ಕೋಟಿ ವರ್ಷಕ್ಕಿಂತ ಕಡಿಮೆ ಎಂಬ ವಾದ ಬಂತು. ಅದು ನಿಂತರೆ ತಾಪ ಇತ್ತೀಚೆಗಷ್ಟೇ ಶುರುವಾಗಿ ಇನ್ನೂ ಮೇಲ್ಮೈ ಮುಟ್ಟಿಲ್ಲವೆಂದಾಗುತ್ತದೆ.

ಒಡಲು ಹಿಗ್ಗಿ ಕುಗ್ಗುವುದನ್ನೇ ನೇರವಾಗಿ ಅಳೆಯುವ ಪ್ರಯತ್ನವೂ ನಡೆದಿದೆ. 2023ರ ಏಪ್ರಿಲ್‌ನಲ್ಲಿ ಹೊರಟ ಯೂರೋಪ್ ಖಂಡದ ಜ್ಯೂಸ್ ನೌಕೆ ಗ್ಯಾನಿಮೀಡನ್ನೇ ಸುತ್ತಿ, ಲೇಸರ್‌ನಿಂದ ಅದರ ಮೇಲ್ಮೈ ಏರಿಳಿತವನ್ನು ಅಳೆಯಲಿದೆ: ಒಳಗೆ ಸಾಗರವಿದ್ದರೆ ಹಿಮದ ಚಿಪ್ಪು ಪ್ರತಿ ಸುತ್ತಿಗೂ ಹಲವು ಮೀಟರ್ ಉಬ್ಬಬೇಕು, ಇಲ್ಲದಿದ್ದರೆ ಒಂದು ಮೀಟರನ್ನೂ ಮುಟ್ಟದು.