ಶ್ರೀರಂಗಪಟ್ಟಣದ ಸೇನಾ ದಂಗೆ (1809)

ಶ್ರೀರಂಗಪಟ್ಟಣದ ಸೇನಾ ದಂಗೆಯು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ಯುರೋಪಿಯನ್ ಅಧಿಕಾರಿಗಳು ಭತ್ಯೆ ಹಾಗೂ ಸೇವಾ ನಿಯಮಗಳ ವಿಚಾರವಾಗಿ 1809ರಲ್ಲಿ ನಡೆಸಿದ ಬಂಡಾಯದ ಭಾಗವಾಗಿದೆ.

ಸಿಪಾಯಿ ಪಡೆಗಳಿಗೆ ಡೇರೆ ಒದಗಿಸಲು ಅವುಗಳ ದಳಪತಿಗಳಿಗೆ ಯುದ್ಧಕಾಲ, ಶಾಂತಿಕಾಲವೆನ್ನದೆ ಮಾಸಿಕ ಭತ್ಯೆ ಸಲ್ಲುತ್ತಿತ್ತು. ವೆಚ್ಚ ತಗ್ಗಿಸುವ ಸಲುವಾಗಿ 1808ರಲ್ಲಿ ಇದನ್ನು ರದ್ದುಪಡಿಸಲಾಯಿತು. ಪ್ರತಿಭಟಿಸಿದ ಹಲವು ಅಧಿಕಾರಿಗಳನ್ನು ಗವರ್ನರ್ ಸರ್ ಜಾರ್ಜ್ ಬಾರ್ಲೋ 1809ರ ಮೇ ತಿಂಗಳಲ್ಲಿ ಅಮಾನತುಗೊಳಿಸಿದರು. ಶ್ರೀರಂಗಪಟ್ಟಣ ಕೋಟೆಯ ಅಧಿಕಾರಿಗಳು ಸರ್ಕಾರದ ಆಜ್ಞೆಯನ್ನು ಧಿಕ್ಕರಿಸಿದರು.

ಅವರನ್ನು ಸೇರಿಕೊಳ್ಳಲು ಚಿತ್ರದುರ್ಗದಿಂದ ಹೊರಟಿದ್ದ ಎರಡು ಸಿಪಾಯಿ ಪಡೆಗಳ ಮೇಲೆ ಆಗಸ್ಟ್ 11ರಂದು ಕಂಪನಿಗೆ ನಿಷ್ಠವಾಗಿದ್ದ ಸೈನ್ಯ ಮತ್ತು ಮೈಸೂರಿನ ಅಶ್ವದಳ ದಾಳಿ ನಡೆಸಿದವು. ಆಗ ಪೂರ್ಣಯ್ಯನವರು ಮೈಸೂರಿನ ದಿವಾನರಾಗಿದ್ದರು. ಅದೇ ತಿಂಗಳಲ್ಲಿ ಕೋಟೆ ಶರಣಾಯಿತು. ಕುಂದುಕೊರತೆ ಅಧಿಕಾರಿಗಳದಾಗಿದ್ದರೂ ಈ ದಾಳಿಯಲ್ಲಿ ಸಾವುನೋವಿಗೆ ಈಡಾದವರು ಮುಖ್ಯವಾಗಿ ಅವರ ಕೈಕೆಳಗಿನ ಸಿಪಾಯಿಗಳು.