ಲೈಂಗಿಕ ರೋಗಗಳ ತಪಾಸಣೆ ನಡೆದು ಬಂದ ದಾರಿ

ಅರಸೀಕೆರೆ, ಬೇಲೂರಿನ ತಾಲ್ಲೂಕು ಆಸ್ಪತ್ರೆಗಳಿಗಾಗಲಿ ಹಳೇಬೀಡಿನ ಆರೋಗ್ಯ ಕೇಂದ್ರಕ್ಕಾಗಲಿ ಗರ್ಭಿಣಿಯೊಬ್ಬಳು ಮೊದಲ ಬಾರಿ ಬಂದಾಗ ಆಕೆಯ ರಕ್ತವನ್ನು ಹಿಮೋಗ್ಲೋಬಿನ್‌ಗೆ ಮಾತ್ರವಲ್ಲ, ಸಿಫಿಲಿಸ್ ಮತ್ತು ಎಚ್‌ಐವಿಗೂ ಪರೀಕ್ಷಿಸಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ಸೂಚನೆ. 'ನನಗೇಕೆ ಈ ಪರೀಕ್ಷೆ?' ಎಂದು ಆಕೆ ಕೇಳಿದರೆ ತಪ್ಪೇನಿಲ್ಲ. ಉತ್ತರ ಒಂದು ಶತಮಾನದ ಇತಿಹಾಸದಲ್ಲಿದೆ.

ಸಿಫಿಲಿಸನ್ನು 16ನೆಯ ಶತಮಾನದ 'ಭಾವಪ್ರಕಾಶ' ಗ್ರಂಥವು ಫಿರಂಗ ರೋಗವೆಂದು ಕರೆದಿದೆ. ಅದರ ರೋಗಾಣುವನ್ನು 1905ರಲ್ಲಿ ಜರ್ಮನಿಯ ಷೌಡಿನ್ ಮತ್ತು ಹಾಫ್‌ಮನ್ ಗುರುತಿಸಿದರು. ಮರುವರ್ಷವೇ ವಾಸರ್‌ಮನ್ ಮತ್ತು ಸಂಗಡಿಗರು ರಕ್ತಪರೀಕ್ಷೆಯನ್ನು ರೂಪಿಸಿದರು. ಹೊರಗೆ ಲಕ್ಷಣಗಳಿಲ್ಲದಿದ್ದರೂ ರೋಗವನ್ನು ಪತ್ತೆ ಹಚ್ಚುವುದು ಸಾಧ್ಯವಾಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಆ ಪರೀಕ್ಷೆಗೆ ಪೂರ್ಣ ಅರ್ಥ ಬಂತು. ಸಕಾಲದಲ್ಲಿ ತಾಯಿಗೆ ಕೊಟ್ಟ ಚುಚ್ಚುಮದ್ದು ಗರ್ಭದಲ್ಲಿರುವ ಮಗುವನ್ನೂ ಕಾಪಾಡುತ್ತದೆ.

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಮುಂದೆ ತಪಾಸಣೆಯನ್ನು ಗುಂಪುಗಳಿಗೆ ತಕ್ಕಂತೆ ಗೊತ್ತುಪಡಿಸಲಾಯಿತು. ಗರ್ಭಿಣಿಯರಿಗೆ ಪ್ರತಿ ಬಸುರಿನಲ್ಲೂ ಪರೀಕ್ಷೆ. ದಾನವಾಗಿ ಬಂದ ರಕ್ತಕ್ಕೆ ಪ್ರತಿ ಬಾರಿ. ಕ್ಷಯರೋಗಿಗಳಿಗೆ ರೋಗ ಪತ್ತೆಯಾದಾಗ. ಲೈಂಗಿಕ ಕಾರ್ಯಕರ್ತೆಯರಂಥ ಹೆಚ್ಚು ಅಪಾಯದ ಗುಂಪುಗಳಿಗೆ ಆರು ತಿಂಗಳಿಗೊಮ್ಮೆ. ಸೋಂಕು ತಗುಲಿದ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣದಿರಬಹುದು. ಆದ್ದರಿಂದ ಅಪಾಯ ಮುಂದುವರಿದವರಿಗೆ ಒಂದೇ ಪರೀಕ್ಷೆ ಸಾಲದು.

ಇಲ್ಲೊಂದು ಸರಳ ಲೆಕ್ಕವಿದೆ. 10,000 ಜನರಲ್ಲಿ 10 ಮಂದಿಗೆ ಸೋಂಕಿದೆ ಎಂದುಕೊಳ್ಳಿ. ಪರೀಕ್ಷೆಯು ಸೋಂಕಿತರೆಲ್ಲರನ್ನೂ ಗುರುತಿಸಿ, ಸೋಂಕಿಲ್ಲದವರಲ್ಲಿ ಶೇ. 1ರಷ್ಟು ಮಾತ್ರ ತಪ್ಪಿದರೂ ಸುಮಾರು 100 ಮಂದಿ ಆರೋಗ್ಯವಂತರು 'ಸೋಂಕಿತ'ರೆನಿಸುತ್ತಾರೆ! ಹಾಗಾಗಿಯೇ ಬೇರೆ ಬೇರೆ ಮೂರು ಪರೀಕ್ಷೆಗಳು ಒಪ್ಪದೆ ಎಚ್‌ಐವಿ ಇದೆಯೆಂದು ಹೇಳುವಂತಿಲ್ಲ.

ಒತ್ತಾಯ ಮಾಡಿದರೆ? ಅಮೆರಿಕದ ಇಲಿನಾಯ್ ರಾಜ್ಯ 1988ರಲ್ಲಿ ಮದುವೆಗೆ ಮುನ್ನ ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅನೇಕ ಜೋಡಿಗಳು ನೆರೆರಾಜ್ಯಗಳಿಗೆ ಹೋಗಿ ಮದುವೆಯಾದವು. ಮರುವರ್ಷ ಆ ಕಾನೂನು ರದ್ದಾಯಿತು. ನಮ್ಮಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 2017ರ ಕಾಯಿದೆಯು ಎಚ್‌ಐವಿ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕೆಂದೂ ಫಲಿತಾಂಶ ಗೋಪ್ಯವಾಗಿರಬೇಕೆಂದೂ ವಿಧಿಸಿದೆ.

ನಂಬಿಕೆ ಇದ್ದಲ್ಲಿ ಜನ ತಾವಾಗಿಯೇ ಪರೀಕ್ಷೆಗೆ ಬರುತ್ತಾರೆ. ಅವಮಾನದ ಭಯವಿದ್ದಲ್ಲಿ ರೋಗದೊಡನೆ ಮನೆಯಲ್ಲೇ ಉಳಿಯುತ್ತಾರೆ. ತರಗತಿಯಲ್ಲಿ ರಕ್ತಪರೀಕ್ಷೆಯ ಪಾಠ ಮಾಡುವ ನಾವು ಈ ಮಾತನ್ನೂ ಜೊತೆಗೆ ಹೇಳಬೇಕು.